ಪಾಚಿ ಬಣ್ಣದ ಲೇಬಲ್ಲು

ದಾವಣಗೆರೆಯ ವಿದ್ಯಾನಗರದಲ್ಲಿ ಹಾಸ್ಟೆಲ್‌ಗಳ ಸಾಲು ಮುಗಿದು ಮನೆಗಳು ಶುರುವಾಗುವ ತಿರುವಿನಲ್ಲಿ ತಸ್ಲೀಮಳ ಅಂಗಡಿ. ಅಗಲ ಒಂದು ಮಂಚದಷ್ಟು, ಉದ್ದ ಎರಡು ಮಂಚದಷ್ಟು. ಪ್ರಿಂಟರಿನ ಖಾಲಿಯಾದ ಕಾರ್ಟ್ರಿಜ್‌ಗಳಿಗೆ ಮತ್ತೆ ಇಂಕು ತುಂಬಿಕೊಡುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತ ಬಂದಿದ್ದಳು. ತಂದೆ ಜಮಾಲುದ್ದೀನ್ ಮಂಡಿಪೇಟೆಯಲ್ಲಿ ರಬ್ಬರ್ ಸ್ಟ್ಯಾಂಪ್ ಮಾಡಿಕೊಡುತ್ತಿದ್ದವರು. ಹಾಗಾಗಿ ಮಸಿ ಅವಳಿಗೆ ಚಿಕ್ಕಂದಿನಿಂದಲೂ ನೆಂಟ. ಮದುವೆ ಮನೆಗಳಲ್ಲಿ ಹೆಂಗಸರು ಅವಳ ಕೈ ಹಿಡಿದು ತಿರುಗಿಸಿ, ಇದು ಮೆಹಂದಿಯೋ ಇಂಕೋ ಎಂದು ತಮಾಷೆ ಮಾಡುವುದುಂಟು. ಅವಳು ಅದಕ್ಕೆ ಬೇಸರ ಪಟ್ಟುಕೊಂಡವಳಲ್ಲ.

ಅವಳಿಗೆ ಬೇಸರವಾಗುತ್ತಿದ್ದದ್ದು ಒಂದೇ ಮಾತಿಗೆ. ಯಾರ ಮನೆಯ ಪ್ರಿಂಟರ್ ಕೆಟ್ಟರೂ ರಿಪೇರಿಯವರು ಮೊದಲು ಕೇಳುವುದು, "ರೀಫಿಲ್ ಹಾಕ್ಸಿದ್ರೇನ್ರಿ?" ಹೂಂ ಅಂದರೆ ಸಾಕು, ತೀರ್ಪು ಅಲ್ಲಿಗೇ ಮುಗಿಯಿತು. ಹಾಳೆ ಸಿಕ್ಕಿಹಾಕಿಕೊಂಡರೂ ರೀಫಿಲ್ಲೇ ಕಾರಣ, ವೈರು ಸಡಿಲವಾದರೂ ರೀಫಿಲ್ಲೇ ಕಾರಣ. ಆ ಮಾತನ್ನು ಸುಳ್ಳು ಮಾಡಬೇಕೆಂದೇ ತಸ್ಲೀಮ ತಾನು ತುಂಬಿದ ಪ್ರತಿ ಕಾರ್ಟ್ರಿಜನ್ನೂ ಅಂಗಡಿಯ ಪ್ರಿಂಟರಿಗೆ ಹಾಕಿ, ಗಿರಾಕಿಯ ಎದುರಿಗೇ ಎರಡು ಹಾಳೆ ಹೊಡೆದು ತೋರಿಸಿ ಕೊಡುತ್ತಿದ್ದಳು.

ಅವಳ ಗಿರಾಕಿಗಳಲ್ಲಿ ಬಹುಪಾಲು ಪ್ರಾಜೆಕ್ಟು, ಅಸೈನ್‌ಮೆಂಟು ಎಂದು ಓಡಾಡುವ ವಿದ್ಯಾರ್ಥಿಗಳು. ಅವರ ನಡುವೆ ಹರಿಹರದ ದ್ರಾಕ್ಷಾಯಣಮ್ಮ ಬೇರೆಯೇ ಆಗಿ ಕಾಣುತ್ತಿದ್ದರು. ಅರವತ್ತು ದಾಟಿದ ಹೆಂಗಸು. ಹಣೆಗೆ ವಿಭೂತಿ, ಇಳಕಲ್ ಸೀರೆ, ಕೈಯಲ್ಲಿ ಎರಡು ವೈರ್ ಬುಟ್ಟಿ. ಮನೆಯಲ್ಲೇ ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ವಿದ್ಯಾನಗರದ ಎರಡು ಹಾಸ್ಟೆಲ್ ಮೆಸ್ಸುಗಳಿಗೆ ಹದಿನೈದು ದಿನಕ್ಕೊಮ್ಮೆ ಮಂಗಳವಾರ ಪುಡಿ ಕೊಡಲು ಬರುವಾಗ ಆಗಾಗ ಖಾಲಿ ಕಾರ್ಟ್ರಿಜ್ ಸಹ ಒಂದು ಬುಟ್ಟಿಯಲ್ಲಿರುತ್ತಿತ್ತು. ಪೊಟ್ಟಣಗಳಿಗೆ ಹಚ್ಚುವ ಬಣ್ಣದ ಲೇಬಲ್ಲನ್ನು ಸೊಸೆ ವಾಣಿಶ್ರೀ ಕಂಪ್ಯೂಟರಿನಲ್ಲಿ ಮಾಡಿಕೊಟ್ಟಿದ್ದಳು. ಸೊಸೆ ಬ್ಯಾಂಕಿಗೆ ಹೋದ ಮೇಲೆ ಅದನ್ನು ಪ್ರಿಂಟ್ ಹೊಡೆದು, ಕತ್ತರಿಸಿ, ಅಂಟಿಸುವುದೆಲ್ಲ ಅತ್ತೆಯದೇ ಕೆಲಸ. ಅಚ್ಚ ಹಳದಿಯ ಮೇಲೆ ಕೆಂಪು ಅಕ್ಷರ, ಮೂಲೆಯಲ್ಲಿ ಒಂದು ಮೆಣಸಿನಕಾಯಿ. ಆ ಹಳದಿ ನೋಡಿಯೇ ಅಂಗಡಿಯಲ್ಲಿ ಜನ ತಮ್ಮ ಪೊಟ್ಟಣ ಗುರುತು ಹಿಡಿಯುತ್ತಾರೆಂದು ದ್ರಾಕ್ಷಾಯಣಮ್ಮ ಹೇಳುತ್ತಿದ್ದರು.

ಅವರು ಬಂದಾಗಲೆಲ್ಲ ತಸ್ಲೀಮ ಪಕ್ಕದ ಹೋಟೆಲಿನಿಂದ ಚಹಾ ಹೇಳುತ್ತಿದ್ದಳು. ಕಾರ್ಟ್ರಿಜ್ ತುಂಬುವಷ್ಟು ಹೊತ್ತು ಇಬ್ಬರೂ ಮಾತಾಡುತ್ತ ಕೂರುವುದು ರೂಢಿ.

ಮೊದಲಿಂದ ಅವರದು ಕರಿ ಕಾರ್ಟ್ರಿಜ್ ಮಾತ್ರ ರೀಫಿಲ್‌ಗೆ ಬರುತ್ತಿತ್ತು, ಬಣ್ಣದ್ದನ್ನು ಕಂಪನಿಯದೇ ಹೊಸದು ಕೊಳ್ಳುತ್ತಿದ್ದರು. ಬಣ್ಣದ್ದು ಖಾಲಿಯಾಗಿ ಮೊದಲ ಸಲ ತುಂಬಿಸಿಕೊಂಡು ಹೋದ ಮೇಲೆ ಶುರುವಾಯಿತು ತಕರಾರು.

"ನೋಡವಾ ತಸ್ಲೀಮಾ," ಎಂದರು ಮುಂದಿನ ಸಲ ಬಂದಾಗ, "ಹತ್ತು ಹಾಳಿ ಚಂದ ಹೊಡೀತು. ಆಮೇಲೆ ಬೆಳ್ಳಗೆ ಗೆರಿ ಬೀಳಾಕ ಹತ್ತಿದ್ವು. ಇನ್ನೆರಡು ಹಾಳಿಗೆ ಬಣ್ಣಾನೇ ಇಲ್ಲ. ಬರೇ ಹಾಳಿ ಹೊರಗೆ ಬಂತು."

"ಇಂಕು ಮುಗೀತೇನೋ ಅಂತ ನೋಡಿದ್ರಾ?"

"ಮುಗಿದಿಲ್ಲವಾ. ಮರುದಿನ ಬೆಳಿಗ್ಗೆ ಹಾಕಿದ್ರೆ ಮತ್ತೆ ಹತ್ತು ಹಾಳಿ ಹೊಡೀತು. ಮತ್ತೆ ಮುನಿಸ್ಕೊಂತು."

ತಸ್ಲೀಮ ಕಾರ್ಟ್ರಿಜನ್ನು ತೂಗಿ ನೋಡಿದಳು, ಒಳಗೆ ಇಂಕಿತ್ತು. ಕೆಳಗಿನ ತಾಮ್ರದ ಬಣ್ಣದ ಪಟ್ಟಿಯನ್ನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದಳು. ಇಂಕು ಉದುರುವ ಸಣ್ಣ ತೂತುಗಳು ಕಟ್ಟಿಕೊಂಡಿರಬಹುದೆಂದು ಒದ್ದೆ ಟಿಶ್ಯೂ ಕಾಗದದ ಮೇಲೆ ಒತ್ತಿ ಹಿಡಿದಳು. ನೀಲಿ, ಕೆಂಪು, ಹಳದಿ ಮೂರೂ ಪಟ್ಟೆ ಬೇರೆಬೇರೆಯಾಗಿ ಮೂಡಿದವು. ಅಂಗಡಿಯ ಪ್ರಿಂಟರಿಗೆ ಹಾಕಿದರೆ ಎರಡಲ್ಲ, ಆರು ಹಾಳೆ ಹೊಡೆದರೂ ಒಂದು ಗೆರೆ ಬೀಳಲಿಲ್ಲ. ಸರಿಹೋಯಿತೆಂದು ಕೊಟ್ಟು ಕಳಿಸಿದಳು.

ಹದಿನೈದು ದಿನ ಕಾಯದೆ ಒಂದೇ ವಾರಕ್ಕೆ ದ್ರಾಕ್ಷಾಯಣಮ್ಮ ಮತ್ತೆ ಬಂದರು. ಅದೇ ದೂರು: ಹತ್ತು ಹಾಳೆ, ಗೆರೆ, ಬಿಳಿ. ಆವತ್ತು ಅಂಗಡಿಯಲ್ಲಿ ಐದಾರು ಹುಡುಗರು ನಿಂತಿದ್ದರು. ಯಾವುದೋ ಕಾಲೇಜಿನ ಪ್ರಾಜೆಕ್ಟು ಮಾರನೆಯ ದಿನ ಕೊಡಬೇಕಾಗಿತ್ತಂತೆ. ಅವರೆಲ್ಲರ ಎದುರಿಗೆ ದ್ರಾಕ್ಷಾಯಣಮ್ಮ ಯಾವ ಉದ್ದೇಶವೂ ಇಲ್ಲದೆ, "ನಿಮ್ಮ ರೀಫಿಲ್ಲು ಯಾಕೋ ನಮ್ಮನೆ ಪ್ರಿಂಟರ್‌ಗೆ ಒಗ್ಗವಲ್ದು" ಅಂದುಬಿಟ್ಟರು. ಹುಡುಗರಲ್ಲೊಬ್ಬ ತನ್ನ ಕೈಯಲ್ಲಿದ್ದ ಕಾರ್ಟ್ರಿಜನ್ನು ಒಮ್ಮೆ ನೋಡಿಕೊಂಡ.

ತಸ್ಲೀಮಳಿಗೆ ಮುಖ ಬಿಸಿಯಾಯಿತು. ಕಾರ್ಟ್ರಿಜ್ ತೆಗೆದುಕೊಂಡಳು, ಏನೂ ಕೇಳಲಿಲ್ಲ. ಇಂಕು ಇನ್ನೂ ಅರ್ಧದಷ್ಟು ಇದೆಯೆಂದು ಕೈಗೇ ಗೊತ್ತಾಗುತ್ತಿತ್ತು. ಆದರೂ ಸಿರಿಂಜು ಎತ್ತಿ ಮೂರೂ ಬಣ್ಣದ ತೂತಿಗೆ ಇಂಕು ಇಳಿಸಿದಳು. ಸಾಕು ಎಂದು ಕೈ ಹೇಳಿದ ಮೇಲೂ ಇಳಿಸಿದಳು. ಇನ್ನು ಮೂರು ತಿಂಗಳು ಈ ಕಡೆ ಬರಬಾರದು, ಹಾಗೆ ತುಂಬಿ ಕೊಡ್ತೀನಿ ಎಂಬುದೊಂದೇ ಆಗ ಮನಸ್ಸಿನಲ್ಲಿದ್ದದ್ದು. ತೂತಿನ ಬಾಯಲ್ಲಿ ಗುಳ್ಳೆಯಂತೆ ಎದ್ದ ಇಂಕನ್ನು ಒರೆಸಿ, ಎರಡು ಹಾಳೆ ಹೊಡೆದು ತೋರಿಸಿ, ದಾರಿಯಲ್ಲಿ ಸೋರದಂತೆ ಕೆಳಗಿನ ಪಟ್ಟಿಗೆ ಟೇಪು ಹಚ್ಚಿ ಕೈಗಿಟ್ಟಳು. ದ್ರಾಕ್ಷಾಯಣಮ್ಮ ಒಂದು ಗಳಿಗೆ ಸ್ಟೂಲಿನ ಮೇಲೆ ಕೂತು, ಆಮೇಲೆ ಎದ್ದು ಹೋದರು.

ನಾಲ್ಕು ದಿನ ಬಿಟ್ಟು ಫೋನ್ ಬಂತು.

"ತಸ್ಲೀಮಾ, ನಾನು ಹರಿಹರದಿಂದ ಮಾತಾಡೋದು. ಇನ್ಮೇಲೆ ರಿಪೇರಿ ಬ್ಯಾಡವಾ. ಈಗ ಬಣ್ಣಾನೇ ಕೆಟ್ಟೈತೆ. ಹಳದಿ ಹೋಗಿ ಪಾಚಿ ಬಣ್ಣ ಬರಾಕ ಹತ್ತೈತೆ. ಮಲೆಬೆನ್ನೂರಿನ ಅಂಗಡಿಯೋರು ಪೊಟ್ಟಣ ವಾಪಸ್ ಕಳ್ಸಿದ್ರು, ಇದು ಡೂಪ್ಲಿಕೇಟ್ ಏನು ಅಂತ ಗಿರಾಕಿ ಕೇಳ್ತಾರಂತೆ. ವಾಣಿ ಇವತ್ತು ಬ್ಯಾಂಕಿಂದ ಬರೋವಾಗ ಹೊಸಾದೇ ತರ್ತಾಳೆ. ನೀನು ಕಾಯ್ತಿರ್ತೀಯೇನೋ ಅಂತ ಹೇಳಿದೆ, ಅಷ್ಟೇ."

ಬೈದಿದ್ದರೆ ತಸ್ಲೀಮ ಎರಡು ಮಾತು ತಿರುಗಿ ಆಡಿ ಮರೆಯುತ್ತಿದ್ದಳು. ಆ ಹೆಂಗಸು ಬೈಯಲಿಲ್ಲ. ತಾನು ಬರುವುದಿಲ್ಲವೆಂದು ತಿಳಿಸುವುದಕ್ಕೂ ಫೋನು ಮಾಡಿದರಲ್ಲ ಎಂಬುದು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಗಂಡ ಮುಜಾಹಿದ್ ಜೆರಾಕ್ಸ್ ಮಷೀನುಗಳ ರಿಪೇರಿ ಮಾಡುವವನು. ಅವನಿಗೆ ಹೇಳಿದಾಗ, "ಒಂದು ಗಿರಾಕಿ ಹೋದ್ರೆ ಹೋಗ್ಲಿ ಬಿಡು, ಯಾಕ ತಲೆ ಕೆಡಿಸ್ಕೊಂತಿ" ಅಂದ. ತಸ್ಲೀಮ, "ಇವತ್ತು ಮಧ್ಯಾಹ್ನದ ತನಕ ಅಂಗಡಿ ನೀವು ನೋಡ್ಕೊಳ್ರಿ" ಎಂದಳು. ಸಿರಿಂಜು, ಟಿಶ್ಯೂ, ಇಂಕಿನ ಸೀಸೆಗಳನ್ನು ಒಂದು ಟಿಫನ್ ಬಾಕ್ಸಿನ ಚೀಲಕ್ಕೆ ತುಂಬಿಕೊಂಡು ಹರಿಹರದ ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಒಂದೇ ಯೋಚನೆ. ತನ್ನ ಪ್ರಿಂಟರಿನಲ್ಲಿ ಓಡುವ ಕಾರ್ಟ್ರಿಜ್ ಅವರ ಮನೆಯಲ್ಲಿ ಯಾಕೆ ನಿಲ್ಲುತ್ತದೆ? ತೂತು ಕಟ್ಟಿಕೊಂಡಿದ್ದರೆ ಮರುದಿನ ತಾನಾಗಿ ಬಿಡುತ್ತಿರಲಿಲ್ಲ. ಇಂಕು ಮುಗಿದಿದ್ದರೆ ಮತ್ತೆ ಹತ್ತು ಹಾಳೆ ಬರುತ್ತಿರಲಿಲ್ಲ. ಪ್ರಿಂಟರೇ ಕೆಟ್ಟಿದ್ದರೆ ಕರಿ ಅಕ್ಷರವೂ ಹೋಗಬೇಕಿತ್ತು. ಕರಿಯದರ ಬಗ್ಗೆ ಅವರು ಯಾವತ್ತೂ ದೂರು ಹೇಳಿದವರಲ್ಲ. ಆದರೆ ಕರಿಯಲ್ಲಿ ಅವರು ಒಂದು ಸಲಕ್ಕೆ ನಾಲ್ಕು ಹಾಳೆ ಹೊಡೆದರೆ ಹೆಚ್ಚು. ಬಸ್ಸು ಹರಿಹರ ಮುಟ್ಟುವ ಹೊತ್ತಿಗೆ ಅವಳಿಗೆ ತಿಳಿದದ್ದಿಷ್ಟೇ, ತನಗೆ ಏನೂ ತಿಳಿದಿಲ್ಲ ಎಂದು.

ಲೇಬಲ್ಲಿನ ಮೇಲಿದ್ದ ವಿಳಾಸ ಕೇಳುತ್ತ ಹೋದಳು; ಅವರ ಮನೆ ದೊಡ್ಡ ದೇವಸ್ಥಾನದ ಹಿಂದಿನ ಓಣಿಯಲ್ಲಿ, ಹೊಳೆಗೆ ಇಳಿಯುವ ದಾರಿಯಲ್ಲಿತ್ತು. ಬಾಗಿಲಲ್ಲಿ ಅವಳನ್ನು ನೋಡಿ ದ್ರಾಕ್ಷಾಯಣಮ್ಮ ಒಂದು ಕ್ಷಣ ಗುರುತು ಸಿಗದವರಂತೆ ನಿಂತರು. ಅಂಗಡಿಯ ಹೊರಗೆ ಅವಳನ್ನು ನೋಡಿದ್ದೇ ಇಲ್ಲ.

"ಅಮ್ಮ, ನೀವು ಹೊಸಾದು ಹಾಕಿಸ್ಕೊಳ್ರಿ, ನಾನೇನೂ ಬ್ಯಾಡ ಅನ್ನೋದಿಲ್ಲ. ಆದ್ರೆ ಯಾಕೆ ಹಿಂಗಾತು ಅಂತ ಒಂದ್ಸಲ ನೋಡಿ ಹೋಗ್ತೀನಿ. ನೋಡ್ದೇ ಇದ್ರೆ ನಂಗೆ ಸಮಾಧಾನ ಇಲ್ಲ."

"ಅಯ್ಯ, ಬಾರವಾ ಒಳಗೆ. ಬಿಸಿಲಾಗೆ ಬಂದೀ. ರೀ, ನೀರು ತರ್ರಿ ಸ್ವಲ್ಪ."

ನೀರು ತಂದವರು ಅವರ ಗಂಡ ಬಕ್ಕೇಶಪ್ಪ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮೆಷಿನ್ ಓಡಿಸಿ ನಿವೃತ್ತರಾದವರು. ತೆಳ್ಳಗಿನ, ನಗುಮುಖದ ಮನುಷ್ಯ. ಪ್ರಿಂಟರ್ ನಡುಮನೆಯಲ್ಲಿ ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲಿತ್ತು. ಅದರ ಸುತ್ತ ಗೋಡೆಗೆ ಹಲಗೆ ಬಡಿದು ಡಬ್ಬಿಗಳನ್ನು ಜೋಡಿಸಿದ್ದರು. ಒಂದೊಂದು ಡಬ್ಬಿಗೂ ಬಿಳಿ ಚೀಟಿ, ಚೀಟಿಯ ಮೇಲೆ ದುಂಡಗಿನ ಅಕ್ಷರ: ಕರಿಬೇವು ಒಣಗಿದ್ದು, ತಾರೀಖು ಇಂಥದ್ದು. ಹುಣಸೆ ಹಳೇದು, ತಾರೀಖು ಇಂಥದ್ದು. ಸ್ವಿಚ್ಚುಗಳಿಗೂ ಚೀಟಿ. ಟಾರ್ಚಿಗೂ ಚೀಟಿ, ಸೆಲ್ಲು ಹಾಕಿದ ದಿನದ್ದು.

"ನನ್ನ ಬೆನ್ನಿಗೊಂದು ಹಚ್ಚಿಲ್ಲ ನೋಡ್ರಿ," ಎಂದರು ಬಕ್ಕೇಶಪ್ಪ, ಅವಳು ಸುತ್ತ ನೋಡುವುದನ್ನು ಕಂಡು. "ಮದ್ವಿ ತಾರೀಖು ಬರ್ದು ಹಚ್ಚಿದ್ರೆ ಎಷ್ಟು ವರ್ಷ ಬಾಳಿಕೆ ಬಂದೆ ಅಂತ ಗೊತ್ತಾಕ್ಕಿತ್ತು."

"ಸುಮ್ನಿರ್ರಿ ನೀವು," ಅಂದರು ಹೆಂಡತಿ. "ಪುಡಿ ಮಾರೋಳು ನಾನು. ಯಾವುದು ಯಾವಾಗಿಂದು ಅಂತ ಗೊತ್ತಿಲ್ಲದಿದ್ರೆ ಜನ ತಿಂತಾರೇನು?"

ತಸ್ಲೀಮ ಪ್ರಿಂಟರನ್ನು ಮುಟ್ಟಲಿಲ್ಲ. "ನಾನಿಲ್ಲ ಅಂತ ತಿಳ್ಕೊಂಡು, ನೀವು ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡ್ರಿ ಅಮ್ಮ" ಎಂದು ಮಣೆಯ ಮೇಲೆ ಕೂತಳು. ದ್ರಾಕ್ಷಾಯಣಮ್ಮ ಸ್ಟಿಕ್ಕರ್ ಹಾಳೆಗಳನ್ನು ತಟ್ಟಿ ಸಮ ಮಾಡಿ ಇಟ್ಟರು. ಲ್ಯಾಪ್‌ಟಾಪು ತೆರೆದು, ಸೊಸೆ ಹೇಳಿಕೊಟ್ಟಂತೆ ಎರಡು ಕಡೆ ಒತ್ತಿದರು. ಹಾಳೆ ಬಂತು. ಮೆಣಸಿನಕಾಯಿ ಕೆಂಪಗೇ ಇತ್ತು, ಹಿಂದಿನ ಹಳದಿ ಮಾತ್ರ ನೀರು ನಿಂತ ತೊಟ್ಟಿಯ ಬಣ್ಣ. ಎರಡು, ಮೂರು, ಐದು, ಎಂಟು. ಒಂಬತ್ತನೆಯದರಲ್ಲಿ ಸಣ್ಣ ಬಿಳಿ ಗೆರೆಗಳು ಕಂಡವು. ಹನ್ನೊಂದನೆಯದು ಬರುವಾಗ ಅಕ್ಷರಗಳ ನೆರಳಷ್ಟೇ ಇತ್ತು.

"ನೋಡಿದ್ಯಲ್ಲ," ಅಂದರು ದ್ರಾಕ್ಷಾಯಣಮ್ಮ.

ತಸ್ಲೀಮ ಎದ್ದು ಬಂದು ಪ್ರಿಂಟರಿನ ಮುಚ್ಚಳ ಎತ್ತಿದಳು. ಕಾರ್ಟ್ರಿಜ್‌ಗಳು ಸರಿದು ಬಂದು ನಡುವೆ ನಿಂತವು. ಬಣ್ಣದ ಕಾರ್ಟ್ರಿಜಿನ ನೆತ್ತಿಯ ಮೇಲೆ ಒಂದು ಬಿಳಿ ಚೀಟಿ ನೀಟಾಗಿ ಕೂತಿತ್ತು. ಹೊಳೆಯುವ ಸ್ಟಿಕ್ಕರ್ ಹಾಳೆಯಿಂದ ಅಳತೆಗೆ ಸರಿಯಾಗಿ ಕತ್ತರಿಸಿದ್ದು, ನಾಲ್ಕೂ ಅಂಚು ಉಗುರಿನಿಂದ ತೀಡಿ ಕೂರಿಸಿದ್ದು. ಮೇಲೆ ಬರೆದಿತ್ತು: ಕಲರ್, ತುಂಬಿಸಿದ್ದು, ತಾರೀಖು. ಪಕ್ಕದ ಕರಿಯದಕ್ಕೂ ಅಂಥದೇ ಒಂದು.

ತಸ್ಲೀಮ ಆ ಚೀಟಿಯ ಮೇಲೆ ಬೆರಳಿಟ್ಟಳು.

"ಇದನ್ನ ಯಾವಾಗ ಅಂಟಿಸಿದ್ರಿ ಅಮ್ಮ?"

"ನಿನ್ನತ್ರ ತುಂಬಿಸ್ಕೊಂಡು ಬಂದ ದಿನಾನೇ. ಎಷ್ಟು ದಿನ ಬರ್ತೈತೆ ಅಂತ ಲೆಕ್ಕ ಸಿಗ್ಲಿ ಅಂತ."

"ಅಂಗಡಿಗೆ ತಂದಾಗ ನಾನು ನೋಡೇ ಇಲ್ಲವಲ್ಲ ಇದನ್ನ."

"ಕಿತ್ತು, ಒರೆಸ್ಕೊಂಡು ತರ್ತಿದ್ದೆ. ಹಳೇ ತಾರೀಖು ಯಾಕ ಇರ್ಬೇಕು? ಮತ್ತೆ ನಿನ್ನ ಕೈಗೆ ಜಿಗಟು ಮಾಡಿ ಕೊಡೋದು ಚಂದಲ್ಲ."

ತಸ್ಲೀಮಳಿಗೆ ನಗು ಬಂತು, ತಡೆದುಕೊಂಡಳು. ಕಾರ್ಟ್ರಿಜ್ ಹೊರಗೆ ತೆಗೆದು ಇಬ್ಬರ ಎದುರಿಗೂ ಹಿಡಿದಳು. "ಇದರ ಒಳಗೆ ಸ್ಪಂಜು ಐತೆ, ಇಂಕು ಕುಡ್ಕೊಂಡಿರ್ತೈತೆ. ಕೆಳಗಿಂದ ಇಂಕು ಹೋದಂಗೆ ಮೇಲಿಂದ ಗಾಳಿ ಬರ್ಬೇಕು. ಅದಕ್ಕೇ ಮೇಲೆ ತೂತು ಅದಾವು. ಕಂಪನಿ ಲೇಬಲ್ಲಿನ ಅಡಿಗೆ ಗಾಳಿ ಹೋಗಾಕೆ ಸಣ್ಣ ಕಾಲುವಿ ಇರ್ತಾವೆ. ನಾನು ಆ ಲೇಬಲ್ಲು ತೆಗೆದು ತುಂಬಿ, ತೂತು ಬಯಲಿಗೇ ಬಿಟ್ಟಿರ್ತೀನಿ. ನೀವು ಅದರ ಮೇಲೆ..."

ಬಕ್ಕೇಶಪ್ಪನಿಗೆ ಅರ್ಥವಾಗಿಹೋಯಿತು. "ಎಣ್ಣಿ ಡಬ್ಬಕ್ಕೆ ಒಂದೇ ತೂತು ಹೊಡೆದಂಗೆ ಆತು," ಎಂದರು. "ಒಂದೇ ತೂತು ಇದ್ರೆ ಎಣ್ಣಿ ಗುಟುಕು ಗುಟುಕು ಬಂದು ನಿಲ್ತೈತೆ. ಗಾಳಿಗೆ ಇನ್ನೊಂದು ಹೊಡೀಬೇಕು. ಸೀಲು ಮಾಡಿ ಇಟ್ಟೀ ನೋಡು ನೀನು."

"ಹೌದ್ರಿ ಅಪ್ಪಾರೆ. ರಾತ್ರಿಯೆಲ್ಲ ಅಂಚಿನಿಂದ ಚೂರು ಚೂರು ಗಾಳಿ ಸೇರಿ, ಬೆಳಿಗ್ಗೆ ಮತ್ತೆ ಹತ್ತು ಹಾಳೆ ಹೊಡೀತಿತ್ತು."

ದ್ರಾಕ್ಷಾಯಣಮ್ಮ ಅಂಟಿಸಿದ ಚೀಟಿಯನ್ನೂ ತಸ್ಲೀಮಳನ್ನೂ ನೋಡಿದರು. ಆಮೇಲೆ ಮೆಲ್ಲಗೆ, "ನನ್ನ ಕೈಯಾರೆ ಕೆಡಿಸಿದ್ನಲ್ಲವಾ," ಅಂದರು. "ನಿನ್ನ ಅಂಗಡೀಲಿ ಅಷ್ಟು ಹುಡುಗರ ಎದುರಿಗೆ ಅಂದುಬಿಟ್ಟೆ. ಮನಿಗೆ ಬಂದ ಮೇಲೆ ಅನ್ನಬಾರ್ದಿತ್ತು ಅನ್ನಿಸ್ತು. ಈಗ ನೋಡಿದ್ರೆ ತಪ್ಪೂ ನಂದೇ."

ತಸ್ಲೀಮ ಚೀಟಿಯ ಅಂಚು ಹಿಡಿದು ಕಿತ್ತಳು. ಅದನ್ನು ತಿರುಗಿಸಿ ಅಡಿ ನೋಡಿದಳು. ಅಂಟಿನ ಮೇಲೆ ಇಂಕು ಹರಡಿತ್ತು. ನೀಲಿ ತೂತಿನಿಂದ ಉಕ್ಕಿದ್ದು ಚೀಟಿಗೂ ಪ್ಲಾಸ್ಟಿಕ್ಕಿಗೂ ನಡುವೆ ದಾರಿ ಮಾಡಿಕೊಂಡು ಹಳದಿ ತೂತಿನ ತನಕ ಹೋಗಿತ್ತು. ಹಳದಿಯ ಬಾಯಿ ಹಸಿರಾಗಿತ್ತು.

ಹತ್ತು ಹಾಳೆಗೆ ನಿಲ್ಲುತ್ತಿದ್ದದ್ದು ಚೀಟಿಯಿಂದ. ಆದರೆ ಈ ಪಾಚಿ ಬಣ್ಣ ಚೀಟಿಯೊಂದರಿಂದ ಬಂದದ್ದಲ್ಲ. ಹಿಡಿಸದಷ್ಟು ತುಂಬಿದ್ದಕ್ಕೆ ಉಕ್ಕಿತ್ತು. ಆವತ್ತು ಸಿರಿಂಜಿನ ದಂಡವನ್ನು ಒತ್ತಿದ ಹೆಬ್ಬೆರಳು ತನ್ನದು. ಇಲ್ಲಿ ಕೂತ ಇಬ್ಬರಿಗೂ ಅದು ಗೊತ್ತಾಗುವ ಸಂಭವವೇ ಇರಲಿಲ್ಲ. ಎಲ್ಲ ಚೀಟಿಯ ಮೇಲೆ ಹಾಕಿ, ಹೋಗಲಿ ಬಿಡ್ರಿ ಅಮ್ಮ ಎಂದು ದೊಡ್ಡ ಮನಸ್ಸು ತೋರಿಸಿ ಬಸ್ಸು ಹತ್ತಬಹುದಿತ್ತು. ಹನ್ನೊಂದು ವರ್ಷದಿಂದ ರೀಫಿಲ್ಲಿನ ಮೇಲೆ ಬಿದ್ದ ಎಷ್ಟೋ ಸುಳ್ಳು ಅಪವಾದಗಳ ಲೆಕ್ಕದಲ್ಲಿ ಈ ಒಂದು ನಿಜ ಮರೆಯಾದರೆ ಏನಾದೀತು ಎಂದು ಕೂಡ ಅವಳಿಗೆ ಅನ್ನಿಸಿತು.

"ಕೈ ತೊಳ್ಕೊಂಡು ಬರ್ತೀನಿ," ಎಂದು ಹಿತ್ತಿಲಿಗೆ ಹೋದಳು. ನಲ್ಲಿಯ ಹತ್ತಿರ ಶೇಂಗಾ ಹುರಿಯುವ ಬಾಣಲೆ ಬೋರಲು ಬಿದ್ದಿತ್ತು. ಚಾಪೆಯ ಮೇಲೆ ಮೆಣಸಿನಕಾಯಿ ಒಣಗುತ್ತಿದ್ದವು. ಸೋಪು ಹಚ್ಚಿ ಉಜ್ಜಿದರೂ ಬೆರಳ ಸಂದಿಯ ಹಸಿರು ಹೋಗಲಿಲ್ಲ. ಒಳಗಿನಿಂದ ದ್ರಾಕ್ಷಾಯಣಮ್ಮ ಗಂಡನಿಗೆ ಹೇಳುವುದು ಕೇಳಿಸಿತು: "ಪಾಪ, ಆ ಹುಡುಗಿ ಕೆಲ್ಸ ಬಿಟ್ಟು ಬಂದೈತೆ ನನ್ನ ದಡ್ಡತನಕ್ಕೆ." ತಸ್ಲೀಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಬಂದಳು.

"ಅಮ್ಮ, ಬಣ್ಣ ಕೆಟ್ಟಿದ್ದು ನನ್ನಿಂದ," ಎಂದಳು ಕೂರುವ ಮೊದಲೇ. "ಅವತ್ತು ನೀವು ಹಂಗಂದಾಗ ಸಿಟ್ಟು ಬಂತು. ಇನ್ನೊಂದ್ಸಲ ಬರಬಾರ್ದು ಅಂತ ಹಿಡಿಸೋದಕ್ಕಿಂತ ಜಾಸ್ತಿ ತುಂಬಿದೆ. ಗೊತ್ತಿದ್ದೇ ತುಂಬಿದೆ. ಅದು ಉಕ್ಕಿ ಒಂದರೊಳಗೊಂದು ಸೇರೈತೆ."

ಬಕ್ಕೇಶಪ್ಪ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು.

"ಸಿಟ್ಟು ಬಂದೈತೆ ಅಂತ ನಂಗೆ ಗೊತ್ತಿತ್ತು," ಎಂದರು ದ್ರಾಕ್ಷಾಯಣಮ್ಮ. "ಅವತ್ತು ನೀನು ಚಾ ಹೇಳಲಿಲ್ಲ. ನಾನು ಸ್ವಲ್ಪ ಹೊತ್ತು ಕೂತು ನೋಡಿದೆ."

ತಸ್ಲೀಮ ಮಣೆಯ ಮೇಲೆ ಕೂತಳು. ದ್ರಾಕ್ಷಾಯಣಮ್ಮ ಮುಂದುವರಿಸಿದರು. "ಚಟ್ನಿಪುಡಿ ಕುಟ್ಟೋವಾಗ ಮನಸ್ಸು ಎಲ್ಲೋ ಇದ್ರೆ ನನಗೂ ಖಾರ ಜಾಸ್ತಿ ಬೀಳ್ತೈತೆ. ಹಂಗಂತ ಯಾರಿಗೂ ಹೇಳಿಲ್ಲ ನಾನು ಇವತ್ತಿನ ತನಕ. ಇನ್ನೊಂದಿಷ್ಟು ಶೇಂಗಾ ಬೆರೆಸಿ ಕೊಟ್ಟುಬಿಡ್ತೀನಿ. ಇದಕ್ಕೇನಾದ್ರೂ ಬೆರೆಸೋದು ಐತೇನು, ಹೇಳು. ಸಂಜಿ ನಾಲ್ಕೂವರೆ ಬಸ್ಸಿಗೆ ಮಲೆಬೆನ್ನೂರಿಗೆ ಅರವತ್ತು ಪೊಟ್ಟಣ ಕಳಿಸ್ಬೇಕು. ವಾಣಿ ಬರೋದು ಆರಕ್ಕೆ."

ಬೆರೆಸುವುದಲ್ಲ, ತೆಗೆಯುವುದಿತ್ತು. ತಸ್ಲೀಮ ನೆಲದ ಮೇಲೆ ಹಳೆಯ ಪೇಪರ್ ಹಾಸಿ ಕೂತಳು. ಟಿಶ್ಯೂವನ್ನು ನಾಲ್ಕು ಮಡಿಕೆ ಮಾಡಿ ಉಗುರುಬೆಚ್ಚಗಿನ ನೀರಲ್ಲಿ ಒದ್ದೆ ಮಾಡಿ, ಕಾರ್ಟ್ರಿಜನ್ನು ಅದರ ಮೇಲೆ ನಿಲ್ಲಿಸಿದಳು. ಒದ್ದೆ ಕಾಗದ ಹೆಚ್ಚಾದ ಇಂಕನ್ನು ಕೆಳಗಿನಿಂದ ಮೆಲ್ಲಗೆ ಎಳೆದುಕೊಳ್ಳುತ್ತದೆ. ಮೊದಲ ಟಿಶ್ಯೂವಿನಲ್ಲಿ ಮೂಡಿದ್ದು ಕೆಂಪು, ನೀಲಿ ಮತ್ತು ಹಸಿರು. ಅದನ್ನು ತೆಗೆದು ಇನ್ನೊಂದಿಟ್ಟಳು, ಮತ್ತೊಂದಿಟ್ಟಳು. ಹಳದಿ ತೂತಿಗೆ ಸೂಜಿ ಇಳಿಸಿ, ಕೆಟ್ಟ ಇಂಕನ್ನು ಎಳೆಎಳೆಯಾಗಿ ಹಿಂದಕ್ಕೆ ಹೀರಿ, ಅದರ ಜಾಗಕ್ಕೆ ಹೊಸ ಹಳದಿಯನ್ನು ಹನಿಹನಿಯಾಗಿ ಬಿಟ್ಟಳು. ಈ ಕೆಲಸಕ್ಕೆ ಆತುರ ಆಗದು. ಸ್ಪಂಜು ಕುಡಿಯುವಷ್ಟೇ ಕೊಡಬೇಕು, ಅದು ಬಿಡುವಷ್ಟೇ ತೆಗೆಯಬೇಕು. ದ್ರಾಕ್ಷಾಯಣಮ್ಮ ಪಕ್ಕದಲ್ಲಿ ಕೂತು, ಪ್ರತಿ ಟಿಶ್ಯೂವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇನ್ನೂ ಐತೆ ಹಸಿರು."

"ಹೂಂ, ಐತೆ."

"ಇದ್ರಾಗೆ ಕಮ್ಮಿ ಆಗೈತೆ ನೋಡು."

ಹನ್ನೆರಡನೆಯದೋ ಹದಿಮೂರನೆಯದೋ ಟಿಶ್ಯೂವಿನಲ್ಲಿ ಹಳದಿ ಹಳದಿಯಾಗಿಯೇ ಬಂತು. ಇಬ್ಬರೂ ಒಂದೇ ಸಲ ಅದರ ಮೇಲೆ ಬಗ್ಗಿದ್ದರಿಂದ ತಲೆಗೆ ತಲೆ ತಾಗಿತು.

ಅಷ್ಟರಲ್ಲಿ ಬಕ್ಕೇಶಪ್ಪ ಅಡಿಗೆಮನೆಯಲ್ಲಿ ತಟ್ಟೆ ಹಾಕಿದ್ದರು. ಮೂವರೂ ಕೂತು ಉಂಡರು: ಜೋಳದ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಗುರೆಳ್ಳು ಪುಡಿ. ದ್ರಾಕ್ಷಾಯಣಮ್ಮ ಅವಳ ಅತ್ತೆ ಹೇಗಿದ್ದಾರೆ, ಮಗಳು ಎಷ್ಟನೇ ಕ್ಲಾಸು ಎಂದೆಲ್ಲ ಕೇಳಿದರು. ಮಗಳು ಆಮ್ನಾ ಏಳನೇ ಕ್ಲಾಸು, ಅಂಗಡಿಗೆ ಬಂದರೆ ಇಂಕಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಾಳೆ ಎಂದು ತಸ್ಲೀಮ ಹೇಳಿದಳು. ವಾಸನೆ ಅನ್ನುವವರಿಗೆ ಏನು ಮಾಡೋದು, ಒಗ್ಗರಣೆಗೆ ಸೀನುವ ಸೊಸೆಯನ್ನೂ ನಾನು ಕಂಡೀನಿ ಎಂದರು ದ್ರಾಕ್ಷಾಯಣಮ್ಮ.

ಊಟವಾದ ಮೇಲೆ ಕರಿ ಕಾರ್ಟ್ರಿಜಿನ ಚೀಟಿಯನ್ನೂ ಕಿತ್ತು, ಎರಡನ್ನೂ ಪ್ರಿಂಟರಿಗೆ ಕೂರಿಸಿದರು. ಮೊದಲ ಹಾಳೆಯಲ್ಲಿ ಹಳದಿ ಸ್ವಲ್ಪ ಮಂಕಾಗಿತ್ತು. ಎರಡನೆಯದರಲ್ಲಿ ತೇಟ್ ಅರಿಶಿನ. ಹತ್ತು ದಾಟಿತು. ಹನ್ನೊಂದನೆಯ ಹಾಳೆ ಬರುವಾಗ ಬಕ್ಕೇಶಪ್ಪನೂ ಹತ್ತಿರ ಬಂದು ನಿಂತರು. ಅದೂ ಚೆನ್ನಾಗಿಯೇ ಬಂತು. ಹದಿನೈದಕ್ಕೆ ನಿಲ್ಲಿಸಿದರು, ಹಾಳೆಗೆ ನಾಲ್ಕು ಲೇಬಲ್ಲಿನಂತೆ ಅಷ್ಟೇ ಬೇಕಾಗಿತ್ತು. ಬಕ್ಕೇಶಪ್ಪ ಸ್ಕೇಲಿಟ್ಟು ಕತ್ತರಿಸಿದರು, ಹೆಂಗಸರಿಬ್ಬರೂ ಅಂಟಿಸಿದರು. ತಸ್ಲೀಮಳ ಲೇಬಲ್ಲುಗಳು ಕೊಂಚ ಸೊಟ್ಟ. ದ್ರಾಕ್ಷಾಯಣಮ್ಮ ಅದನ್ನು ನೋಡಿಯೂ ಸುಮ್ಮನಿದ್ದು, ಅಂಥ ಪೊಟ್ಟಣಗಳನ್ನು ರಟ್ಟಿನ ಡಬ್ಬದ ಅಡಿಗೆ ಹಾಕಿದರು. ನಾಲ್ಕು ಗಂಟೆಗೆ ಬಕ್ಕೇಶಪ್ಪ ಡಬ್ಬವನ್ನು ಮೊಪೆಡ್ಡಿನ ಮುಂದಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಹೋದರು.

ಮಧ್ಯಾಹ್ನಕ್ಕೇ ಹೊರಡಬೇಕೆಂದಿದ್ದ ತಸ್ಲೀಮ ಇನ್ನೂ ಅಲ್ಲೇ ಇದ್ದಳು. ಅವಳು ಹೊರಟು ನಿಂತಾಗಲೇ ವಾಣಿಶ್ರೀ ಒಂದು ಗಂಟೆ ಮೊದಲೇ ಬಂದಳು, ಕೈಯಲ್ಲಿ ಹೊಸ ಕಾರ್ಟ್ರಿಜಿನ ಪೆಟ್ಟಿಗೆ. ಮೇಜಿನ ಮೇಲಿನ ಹಾಳೆಗಳನ್ನು ನೋಡಿ, "ಸರಿಯಾತಾ? ಏನಾಗಿತ್ರಿ?" ಎಂದು ತಸ್ಲೀಮಳನ್ನೇ ಕೇಳಿದಳು.

ತಸ್ಲೀಮ ಬಾಯಿ ತೆರೆಯುವಷ್ಟರಲ್ಲಿ ದ್ರಾಕ್ಷಾಯಣಮ್ಮ, "ನಾನು ತೂತು ಮುಚ್ಚಿದ್ದೆ, ಇವಳು ಜಾಸ್ತಿ ಸುರಿದಿದ್ಲು," ಅಂದರು. "ಇಬ್ರೂ ಸೇರಿ ತೆಗೆದ್ವಿ. ಅದನ್ನ ಇಟ್ಟಿರು, ಇದು ಸೋತಾಗ ಹಾಕೋಣ."

ವಾಣಿಶ್ರೀಗೆ ಪೂರ್ತಿ ತಿಳಿಯಲಿಲ್ಲ. ಆದರೂ ನಕ್ಕಳು.

ದಾವಣಗೆರೆಗೆ ಮರಳಿದ ಮೇಲೆ ತಸ್ಲೀಮ ಗಂಡನಿಗೆ ನಡೆದದ್ದೆಲ್ಲ ಹೇಳಿದಳು, ತನ್ನ ಸಿಟ್ಟಿನ ಭಾಗವನ್ನೂ ಬಿಡದೆ. ಮುಜಾಹಿದ್ ಕೇಳಿ, "ಅವರಾಗೇ ತಪ್ಪು ಒಪ್ಕೊಂಡಿದ್ರು, ಹೇಳೋ ಅಗತ್ಯ ಏನಿತ್ತು ನಿನಗೆ" ಎಂದ. ಗದರಿಸಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. "ಹೇಳ್ದೇ ಇದ್ದಿದ್ರೆ ಆ ರೊಟ್ಟಿ ಒಳಗೆ ಇಳೀತಿರಲಿಲ್ಲ" ಎಂದಳು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದು ಗಿರಾಕಿ ಬರುವ ಮೊದಲು ಹಳೆಯ ಪುಸ್ತಕದಲ್ಲಿ ಒಂದು ಫೋನ್ ನಂಬರು ಹುಡುಕಿದಳು. ನಿಜಲಿಂಗಪ್ಪ ಬಡಾವಣೆಯ ರಾಜಕುಮಾರ್ ಎಂಬ ಟ್ಯೂಷನ್ ಮೇಷ್ಟ್ರು. ಎರಡು ತಿಂಗಳ ಹಿಂದೆ ಬಂದು, ಹತ್ತು ಹಾಳೆಗೆ ನಿಲ್ಲುತ್ತದೆ ಎಂದು ಇಂಥದೇ ದೂರು ಹೇಳಿದ್ದರು. ನಿಮ್ಮ ಪ್ರಿಂಟರ್ರೇ ಸರಿಯಿಲ್ಲ ಎಂದು ತಸ್ಲೀಮ ವಾದ ಮಾಡಿ ಕಳಿಸಿದ್ದಳು. ಅವರು ಮತ್ತೆ ಬಂದಿರಲಿಲ್ಲ.

"ಈಗ ನೆನಪಾತೇನ್ರಿ?" ಎಂದಿತು ಆ ಕಡೆಯ ದನಿ. "ಅದು ಮೂಲ್ಯಾಗೆ ಬಿದ್ದೈತೆ. ನಾನು ಹೊರಗೇ ಹೊಡೆಸ್ಕೊಂತಿದೀನಿ."

"ಎಸೆದಿಲ್ಲ ತಾನೆ ಸಾರ್? ಅದರ ಮೇಲೆ ಏನಾದ್ರೂ ಅಂಟಿಸೀರಾ? ಟೇಪು, ಚೀಟಿ?"

"ಒಣಗಬಾರ್ದು ಅಂತ ಮೇಲಿನ ತೂತಿಗೆ ಸೆಲ್ಲೋಟೇಪ್ ಹಾಕಿದ್ದೆ. ಯಾಕ?"

ತಸ್ಲೀಮ ಪೆನ್ನು ತೆಗೆದುಕೊಂಡಳು. "ನಾನೇ ಬಂದು ನೋಡ್ತೀನಿ ಸಾರ್. ಎಷ್ಟನೇ ಕ್ರಾಸು ಹೇಳ್ರಿ."